ಅವಸರದ ಆಮೆನ್

ಐವತ್ತು ದಾಟಿದ್ದರೂ ಕಾಲೇಜಿನ ಮಕ್ಕಳಿಗೆ ನಾನು ಅಕ್ಕನೇ. ಪ್ರತಿ ಬುಧವಾರ ಊಟದ ಬಿಡುವಿನಲ್ಲಿ, ಕೆಮಿಸ್ಟ್ರಿ ಲ್ಯಾಬಿನ ಪಕ್ಕದ ಕೋಣೆಯಲ್ಲಿ ನಮ್ಮ ಪ್ರಾರ್ಥನಾ ಕೂಟ. ಕುರ್ಚಿ ಜೋಡಿಸುವುದರಿಂದ ಹಿಡಿದು ಹಾಡು ಎತ್ತಿಕೊಡುವವರೆಗೆ ಎಲ್ಲಕ್ಕೂ ನಾನೇ ಮುಂದೆ. ಬಾಯಲ್ಲಿ ಮಾತ್ರ, ಇದು ನಿಮ್ಮ ಕೂಟ ಮಕ್ಕಳೇ, ನೀವೇ ನಡೆಸಬೇಕು ಅನ್ನುವ ಉಪದೇಶ.

ಆ ವರ್ಷ, ನನ್ನನ್ನು ಈ ಸೇವೆಗೆ ಕಳಿಸಿದ್ದ ಕ್ರೈಸ್ತ ಸಂಸ್ಥೆಯವರು ಇನ್ನು ಬೇರೆ ಊರಿಗೆ ಹಾಕುವುದೆಂದು ತೀರ್ಮಾನಿಸಿದರು. ತಿಂಗಳೊಳಗೆ ವಿದ್ಯಾರ್ಥಿಯೊಬ್ಬರು ಹೊಣೆ ಹೊರದಿದ್ದರೆ ಕೋಣೆ ಕೊಡುವುದಿಲ್ಲವೆಂದು ಪ್ರಿನ್ಸಿಪಾಲರೂ ಖಡಾಖಂಡಿತವಾಗಿ ಹೇಳಿಬಿಟ್ಟರು. ನಾಲ್ಕು ವರ್ಷ ಕಟ್ಟಿದ ಕೂಟ ಮುಚ್ಚಿಹೋಗುತ್ತದಲ್ಲ ಎಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಳೆದು ನೋಡಿದೆ. ಇದ್ದವರಲ್ಲಿ ಆಗಬಹುದಾದವಳು ಒಬ್ಬಳೇ, ಕೊನೆಯ ವರ್ಷದ ಹುಡುಗಿ. ಅವಳ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದು ನಿದ್ದೆ ತೆಗೆಯಬಹುದು ಎಂದು ಉಳಿದವರು ಅವಳಿಗೆ ನಿಧಾನಮ್ಮ ಎಂದು ಹೆಸರಿಟ್ಟಿದ್ದರು. ಆದರೆ ಯಾರಿಗೆ ಜ್ವರ ಬಂದರೂ, ಯಾರು ಫೇಲಾದರೂ, ಮೊದಲು ಹೋಗಿ ಪಕ್ಕದಲ್ಲಿ ಕೂರುತ್ತಿದ್ದವಳು ಅವಳೇ. ಕೇಳಿದೆ. ಒಂದು ವಾರ ಯೋಚಿಸಿ ಹೂಂ ಅಂದಳು.

ಅವಳ ಮೊದಲ ಬುಧವಾರ. ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿದೆವು. ಕಾಲೇಜಿಗಾಗಿ, ಪರೀಕ್ಷೆಗಾಗಿ ಬೇಡಿದಳು. "ಕರ್ತನೇ, ನನ್ನ ತಮ್ಮ..." ಅಂದವಳು ನಿಂತುಬಿಟ್ಟಳು. ನಾನು ಕಾದೆ. ಕಾದೆ ಅನ್ನುವುದೂ ಸುಳ್ಳೇ; ಗಂಟೆ ಹೊಡೆಯಲು ಎರಡೇ ನಿಮಿಷ, ನನ್ನ ಜೀವ ಚಡಪಡಿಸುತ್ತಿತ್ತು. ಪಾಪ, ಮಾತು ಮರೆತುಹೋಯಿತೇನೋ ಎಂದುಕೊಂಡು ನಾನೇ "ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್" ಎಂದು ಮುಗಿಸಿಬಿಟ್ಟೆ. ನಮ್ಮಲ್ಲಿ ಒಬ್ಬರು ಆಮೆನ್ ಅಂದರೆ ಸಾಕು, ಎಲ್ಲರೂ ಅನ್ನುತ್ತಾರೆ, ಪ್ರಾರ್ಥನೆ ಅಲ್ಲಿಗೆ ಮುಗಿಯುತ್ತದೆ. ಕಣ್ಣು ಬಿಟ್ಟರೆ ಅವಳ ಬಾಯಿ ಇನ್ನೂ ತೆರೆದೇ ಇತ್ತು. ಬೆನ್ನು ತಟ್ಟಿ, ಪರವಾಗಿಲ್ಲ ಬಿಡು, ರೂಢಿಯಾಗುತ್ತೆ ಅಂದೆ.

ಮುಂದಿನ ಬುಧವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನೂ ಎತ್ತಲಿಲ್ಲ. ಒಪ್ಪಿಕೊಂಡು ಹೀಗೆ ಕೈಕೊಡುವುದಾ ಎಂದು ಎಲ್ಲರೆದುರು ಕೂಗಾಡಿದೆ. ನನ್ನ ಬಾಯಿಗೆ ಮಣ್ಣು ಹಾಕ.

ಮೂರನೆಯ ವಾರ, ಕೂಟದಲ್ಲಿ ಗಿಟಾರ್ ನುಡಿಸುವ ಹುಡುಗಿ ಫೋನ್ ಮಾಡಿದಳು. ನಿಧಾನಮ್ಮನ ತಮ್ಮ ಅವತ್ತು ಬೆಳಗ್ಗೆ ಹೋಗಿಬಿಟ್ಟನಂತೆ. ಹದಿನೈದು ವರ್ಷದವನು, ಎರಡು ತಿಂಗಳಿಂದ ಆಸ್ಪತ್ರೆಯಲ್ಲಿದ್ದನಂತೆ. ಇವಳು ಯಾರ ಮುಂದೆಯೂ ತುಟಿ ಬಿಚ್ಚಿರಲಿಲ್ಲ.

ಕೂಡಲೇ ಹೊರಟೆ. ಮಹಡಿಯ ಮೇಲೆ ಅವರದು ಎರಡು ಕೋಣೆಯ ಮನೆ. ನಡುಮನೆಯಲ್ಲಿ ಶವಪೆಟ್ಟಿಗೆ. ಅದರ ಸುತ್ತ ಕೂಟದ ಮಕ್ಕಳೆಲ್ಲ ಆಗಲೇ ಬಂದು ನಿಂತಿದ್ದರು. ಯಾರೂ ನನಗಾಗಿ ಕಾದಿರಲಿಲ್ಲ. ಪಾಸ್ಟರು ಬರುವುದು ತಡವಾಗುತ್ತದೆ, ಅಕ್ಕನೇ ಪ್ರಾರ್ಥನೆ ಮಾಡಲಿ ಎಂದು ಅವಳ ತಾಯಿ ಅಳುತ್ತಲೇ ಹೇಳಿದರು. ನಾನು ಬೈಬಲ್ ತೆರೆದೆ.

"ಬೇಡ ಅಕ್ಕ," ಅಂದಳು ಅವಳು. "ನಾವು ಮಾಡ್ಕೋತೀವಿ."

ನಾಲ್ಕು ವರ್ಷ ನಾನು ಈ ಮಾತಿಗೇ ಕಾದಿದ್ದೆ. ಬಂದದ್ದು ಹೀಗೆ. ಬೈಬಲ್ ಮುಚ್ಚಿ ಬಾಗಿಲ ಬಳಿ ಸರಿದೆ.

ಅವಳು ಶುರು ಮಾಡಿದಳು, ಅರ್ಧಕ್ಕೆ ನಿಂತಳು. ಯಾರೂ ಆಮೆನ್ ಅನ್ನಲಿಲ್ಲ. ಕೆಳಗೆ ಬೀದಿಯಲ್ಲಿ ಬಸ್ಸೊಂದು ಬಂದು, ಜನರನ್ನು ಇಳಿಸಿ, ಹೊರಟೂ ಹೋಯಿತು. ಗಿಟಾರಿನ ಹುಡುಗಿ ಅವಳ ಕೈ ಹಿಡಿದುಕೊಂಡಿದ್ದಳು, ಅಷ್ಟೇ.

"ಕರ್ತನೇ," ಅಂದಳು ಕೊನೆಗೆ, "ಇವನನ್ನ ಉಳಿಸ್ಕೊಡು ಅಂತ ಎಲ್ರೂ ಸೇರಿ ಒಂದ್ಸಲ ಕೇಳ್ಬೇಕು ಅಂತಿದ್ದೆ. ಕೇಳೋಕಾಗ್ಲಿಲ್ಲ."

ಅವಳು ನನ್ನನ್ನು ದೂರಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ದೂರಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ. ಒಳಗೆ ಅವಳ ಪ್ರಾರ್ಥನೆ ಇನ್ನೂ ನಡೆದಿತ್ತು.