ಅರಗಿನೊಳಗಿನ ಸೆಲ್ಲು

ಪೆಟ್ಟಿಗೆಯ ಕೊನೆಯ ಸ್ಕ್ರೂ ಚಾಕುವಿನ ತುದಿಗೆ ಸಿಗದೆ ಜಾರುತ್ತಿತ್ತು. ಮೈದುನ ಅದನ್ನು ಉಗುರಿನಿಂದ ಎಬ್ಬಿಸಿ ಅಂಗೈಗೆ ಬೀಳಿಸಿಕೊಂಡ. ಸಾಬೂನಿನ ಡಬ್ಬಿಯಷ್ಟಿದ್ದ ಆ ಪೆಟ್ಟಿಗೆಯನ್ನು ಅಣ್ಣನೇ ಕೈಯಾರೆ ಮಾಡಿ, ಕಿವಿ ಮಂದವಾಗಿದ್ದ ಅತ್ತಿಗೆಯ ಕೊರಳಿಗೆ ಹಾಕಿದ್ದ. ಅದರಿಂದ ಹೊರಟ ತಂತಿ ಅವಳ ಕಿವಿಯಲ್ಲಿತ್ತು. ಅಣ್ಣ ಈಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

ಬಾಗಿಲ ಬಳಿ ಗಡಿಯಾರ ರಿಪೇರಿಯವನು ಹೇಳುತ್ತಿದ್ದ: "ಇವನು ರೇಡಿಯೋ ಬಿಚ್ಚಿ ಕಟ್ಟಿದ್ರೆ ಎರಡು ಸ್ಕ್ರೂ ಮಿಕ್ಕೇ ಮಿಗೋವು. ಕೇಳಿದ್ರೆ, ಕಂಪನಿಯವರು ದಂಡಕ್ಕೆ ಹಾಕಿದ್ದು ಬಿಡು ಅನ್ನೋನು."

ಇಬ್ಬರು ಮೂವರು ತಲೆ ತಗ್ಗಿಸಿ ನಕ್ಕರು.

"ಏನಂದ್ರು?" ಅತ್ತಿಗೆ ಮಗಳ ತೋಳು ಹಿಡಿದಳು. ಮಗಳು ಕಿವಿಗೆ ಬಾಯಿಟ್ಟು ಹೇಳಿದಳು. ಅರ್ಧ ಮುಟ್ಟಿತು, ಅರ್ಧ ಮುಟ್ಟಲಿಲ್ಲ.

"ಎಲ್ಲರೂ ಅವರ ವಿಷಯಾನೇ ಮಾತಾಡ್ತಿದಾರೆ. ನನಗೊಬ್ಬಳಿಗೇ ಕೇಳಿಸ್ತಿಲ್ಲ. ಇವರೆಲ್ಲ ಮತ್ತೆ ಹೀಗೆ ಒಟ್ಟಿಗೆ ಕೂರ್ತಾರಾ? ಅವರನ್ನ ಕರ್ಕೊಂಡು ಹೋಗೋದ್ರೊಳಗೆ ಸರಿ ಮಾಡಪ್ಪ."

ಮೈದುನ ತಲೆಯಾಡಿಸಿದ.

"ಹೊಸ ಬ್ಯಾಟರಿ ಹಾಕಿದೀನಿ ಚಿಕ್ಕಪ್ಪ," ಮಗಳು ಹೇಳಿದಳು. "ಸದ್ದಿನ ಗುಂಡಿ ಕೊನೆತನಕ ತಿರುಗಿಸಿದ್ರೂ ಹೀಗೇ. ಅಪ್ಪನ್ನ ಕೇಳಿದ್ರೆ, ಕಿವಿನೇ ಇನ್ನಷ್ಟು ಮಂದ ಆಗಿದೆ ಅಂತಿದ್ರು."

ಮುಚ್ಚಳದೊಳಗೆ ಒಂಬತ್ತು ವೋಲ್ಟಿನ ಬ್ಯಾಟರಿ. ಅದರ ಪಕ್ಕದಲ್ಲೇ ಕೆಂಪು ಅರಗಿನ ಒಂದು ಉಂಡೆ, ಎರಡು ತಂತಿ ಹೊರಗೆ ಬಿಟ್ಟುಕೊಂಡು. ಒಳಗೆ ಸೆಲ್ಲಿದೆಯೆಂಬುದು ಸ್ಪಷ್ಟ, ಎಷ್ಟರದು ಎಂಬುದಕ್ಕೆ ಗುರುತಿಲ್ಲ. ಅಳೆಯುವ ಮೀಟರು ಅಣ್ಣನ ರಿಪೇರಿ ಅಂಗಡಿಯಲ್ಲಿತ್ತು. ಅಣ್ಣನನ್ನು ಒಯ್ಯುವ ಗಾಡಿ ಆಗಲೇ ಬೀದಿಯಲ್ಲಿ ನಿಂತಿತ್ತು.

ಪೆಟ್ಟಿಗೆಯಲ್ಲೇ ಕರೆಂಟು ತೋರಿಸುವ ಪುಟ್ಟ ಮುಳ್ಳೊಂದಿತ್ತು. ಅದು ಮೂರು ಮಿಲಿ ಆಂಪಿಯರಿಗೆ ನಿಂತಿತ್ತು. ಕರೆಂಟಿನ ದಾರಿಯ ತಡೆಯೆಲ್ಲ ಕೂಡಿದರೆ ಎರಡು ಸಾವಿರ ಓಮ್. ಎರಡನ್ನೂ ಗುಣಿಸಿದರೆ ಆರು ವೋಲ್ಟ್. ಬ್ಯಾಟರಿಯೊಂದೇ ಒಂಬತ್ತು ಕೊಡುವಾಗ, ಉಂಡೆಯದೂ ಸೇರಿ ಅದಕ್ಕಿಂತ ಹೆಚ್ಚಾಗಬೇಕಿತ್ತು. ಅವನು ತಡೆಗಳ ಬೆಲೆ ಹೇಳುವ ಬಣ್ಣದ ಪಟ್ಟೆಗಳನ್ನು ಮತ್ತೆ ಓದಿ, ಲೆಕ್ಕವನ್ನು ಮತ್ತೆ ಹಾಕಿದ. ಆರೇ ಬಂತು. ಹಾಗಾದರೆ ಉಂಡೆಯೊಳಗೆ ಮೂರು ವೋಲ್ಟ್ ಇದೆ, ಆದರೆ ಎದುರು ಮುಖವಾಗಿ. ಬ್ಯಾಟರಿ ತಳ್ಳಿದ್ದನ್ನು ಅದು ಹಿಂದಕ್ಕೆ ಎಳೆಯುತ್ತಿದೆ.

ಸೆಲ್ಲನ್ನು ತಿರುಗುಮುರುಗಾಗಿ ಹಾಕುವುದು ಕೆಲಸ ಕಲಿಯುವವರ ತಪ್ಪು. ಅಣ್ಣನದಲ್ಲ. ತಪ್ಪಾಗಿ ಹಾಕಿದ್ದಕ್ಕೆ ಯಾರೂ ಅರಗು ಹುಯ್ಯುವುದಿಲ್ಲ.

*

ಕಳೆದ ಚಳಿಗಾಲದ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಅಣ್ಣ ಮೇಜಿಗೆ ಕೈಯೂರಿ ಕೆಮ್ಮುತ್ತಿದ್ದ. ಕೆಮ್ಮು ನಿಂತ ಮೇಲೆ ಕರವಸ್ತ್ರ ಮಡಚಿ ಜೇಬಿಗಿಟ್ಟ.

"ಇನ್ನೊಬ್ಬ ಡಾಕ್ಟರಿಗೆ ತೋರಿಸು," ತಮ್ಮ ಹೇಳಿದ.

"ತೋರಿಸಿ ಆಯ್ತು. ಇನ್ನು ಮಾಡೋದೇನಿಲ್ಲ ಅಂದ್ರು."

"ಅತ್ತಿಗೆಗೆ?"

"ಹೇಳಿಲ್ಲ. ಹೇಳೋದೇ ಬೇಡ, ಒಂದು ಸಲ ಕೆಮ್ಮಿದ್ರೆ ಸಾಕು, ಕೈಲಿರೋ ಕೆಲಸ ಬಿಟ್ಟು ಓಡಿ ಬರ್ತಾಳೆ. ಬಂದು ಮುಖ ನೋಡ್ತಾ ನಿಲ್ತಾಳೆ. ಆ ನೋಟ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ ಕಣೋ."

ಅಣ್ಣ ಬೆಸುಗೆ ಕಡ್ಡಿಯನ್ನು ಕಾಯಲು ಇಟ್ಟು, ಅರಗಿನ ತುಂಡು ಹುಡುಕತೊಡಗಿದ. ತಮ್ಮ ಏನಕ್ಕೆಂದು ಕೇಳಲಿಲ್ಲ.

*

"ಬೇಕಂತಲೇ ಮಾಡಿದಾನೆ ಕಣಮ್ಮ," ಮೈದುನ ಅಣ್ಣನ ಮಗಳಿಗೆ ಮೆಲ್ಲಗೆ ಹೇಳಿದ. "ಕೆಮ್ಮಿದ್ದು ನಿಮ್ಮಮ್ಮನಿಗೆ ಕೇಳಿಸದಿರಲಿ ಅಂತ."

ಮಗಳು ತಾಯಿಯ ಕಡೆ ನೋಡಿದಳು. ಬೆಳಗಿನಿಂದ ಬಂದವರಿಗೆಲ್ಲ ತಾಯಿ ಹೇಳುತ್ತಿದ್ದುದು ಒಂದೇ: ಕೆಮ್ಮು ಪೂರ್ತಿ ವಾಸಿಯಾಗಿತ್ತು, ಇದ್ದಕ್ಕಿದ್ದಂಗೆ ಹೋದ್ರು.

"ಮುಚ್ಚಿಬಿಡಿ ಚಿಕ್ಕಪ್ಪ. ರಿಪೇರಿ ಆಗಲಿಲ್ಲ ಅನ್ನೋಣ. ಇವತ್ತು ಬೇಡ."

ಮೈದುನ ಮುಚ್ಚಳ ಕೈಗೆತ್ತಿಕೊಂಡ.

"ನೀವಿಬ್ಬರೂ ಏನೋ ಮಾತಾಡ್ಕೋತಿದೀರಿ," ಅತ್ತಿಗೆ ಅಂದಳು. "ತುಟಿ ಅಲ್ಲಾಡೋದು ಕಾಣುತ್ತೆ ನನಗೆ. ಅವರೂ ಹೀಗೇ. ಈಚೀಚೆಗೆ ಹತ್ತಿರ ಹೋದ್ರೆ ಬೆನ್ನು ತಿರುಗಿಸ್ತಿದ್ರು. ಯಾಕೆ ಅಂತ ಕೇಳಬೇಕು ಅನ್ಕೊಂಡೇ ಇದ್ದೆ."

ಮೈದುನ ಮುಚ್ಚಳವನ್ನು ಪಕ್ಕಕ್ಕಿಟ್ಟ. ಆಮೇಲೆ ಚಾಕುವಿನಿಂದ ಉಂಡೆಯ ಎರಡೂ ತಂತಿ ಕತ್ತರಿಸಿ, ತುದಿ ಹೆರೆದು, ಒಂದಕ್ಕೊಂದು ಹೆಣೆದ. ಮುಳ್ಳು ನಾಲ್ಕನ್ನು ದಾಟಿ ನಿಂತಿತು.

ಅತ್ತಿಗೆ ಬೆಚ್ಚಿದಳು. ಹಿತ್ತಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರದೋ ಚಪ್ಪಲಿ ನೆಲಕ್ಕೆ ಉಜ್ಜಿತು. ಕಿಟಕಿಯ ಆಚೆ ಪಕ್ಕದ ಮನೆಯಾಕೆ ಯಾರಿಗೋ ಹೇಳುತ್ತಿದ್ದಳು: "...ಕೇಳಿ ಕೇಳಿ ನಮಗೇ ಎದೆ ಹಿಂಡೋದು. ನಿನ್ನೆ ಸಂಜೇನೂ ಆ ಮನುಷ್ಯ ಮೆಟ್ಟಿಲ ಮೇಲೆ ಕೂತು ಎಷ್ಟು ಕೆಮ್ಮಿದ್ರು, ಪಾಪ."

"ನಿನ್ನೆ ಸಂಜೆ ನಾನು ಒಳಗೇ ಇದ್ದೆ," ಅತ್ತಿಗೆ ಹೇಳಿದಳು. ಯಾರಿಗೆ ಹೇಳಿದಳೋ. "ಅಡುಗೆ ಮನೆಯಲ್ಲಿ ಪಾತ್ರೆ ಒರೆಸ್ತಾ ಇದ್ದೆ."

ಮೈದುನ ಮುಚ್ಚಳ ಹಾಕಿ ಸ್ಕ್ರೂ ಬಿಗಿದ.

ಗಾಡಿಯವನು ಹೊಸ್ತಿಲಲ್ಲಿ ಬಂದು ನಿಂತ. "ಹೊತ್ತಾಗ್ತಾ ಬಂತು. ಎತ್ತೋಣ್ವಾ?"

ನಾಲ್ವರು ಬಗ್ಗಿದರು. ಅತ್ತಿಗೆ ಕೈಯೆತ್ತಿ ಅವರನ್ನು ತಡೆದಳು. ಎದ್ದು, ಗೋಡೆ ಹಿಡಿದು ನಡೆದು, ಗಂಡನ ಪಕ್ಕ ಕೂತಳು. ಕೊರಳಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಬಾಯಿಯ ಹತ್ತಿರಕ್ಕೆ, ತುಟಿಗೆ ತಾಗುವಷ್ಟು ಹತ್ತಿರಕ್ಕೆ ತಂದಳು. ಬಗ್ಗಿದವರು ಬಗ್ಗಿದ ಹಾಗೇ ಉಳಿದರು. ಅವಳು ಕಣ್ಣು ಮುಚ್ಚಿ, ಕಿವಿಯಲ್ಲಿದ್ದ ಬಿರಡೆಯನ್ನು ಬೆರಳಿನಿಂದ ಇನ್ನಷ್ಟು ಒಳಕ್ಕೆ ಒತ್ತಿಕೊಂಡಳು.