ಬಂದವರ ಪಟ್ಟಿ

"ಮೇಡಂ, ತಪ್ಪು ತಿಳ್ಕೋಬೇಡಿ, ನೀವು ಈ ಮನೇಲಿ ಇರೋದಿಲ್ವಾ?"

ಪ್ರತಿ ಶುಕ್ರವಾರ ಆಸ್ಪತ್ರೆಯ ಅಧ್ಯಯನದ ಕಡೆಯಿಂದ ಬರುತ್ತಿದ್ದ ಹುಡುಗಿ ಹೀಗೆ ಕೇಳಿದಾಗ ಮನೆಯಾಕೆಯ ಒಂದು ಕೈಯಲ್ಲಿ ಗಂಡನ ಮೂತ್ರದ ಚೀಲವಿತ್ತು, ಇನ್ನೊಂದರಲ್ಲಿ ಅದನ್ನು ಅಳೆಯುವ ಜಗ್ಗು. "ಒಂದ್ನಿಮಿಷ, ಇದನ್ನ ಖಾಲಿ ಮಾಡಿ ಬಂದೆ," ಎಂದು ಬಚ್ಚಲಿಗೆ ಹೋದಳು. ನಾನೂರಿಪ್ಪತ್ತು ಮಿಲಿಲೀಟರು, ಬಣ್ಣ ತಿಳಿ. ಕೈ ತೊಳೆಯುವಾಗಷ್ಟೇ ಆ ಪ್ರಶ್ನೆ ತಲೆಗೆ ಹೊಕ್ಕಿತು. ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ಏನು ಕೇಳಿದ್ರಿ?"

ಹುಡುಗಿ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಆಸ್ಪತ್ರೆಯಿಂದ ವಾಪಸ್ ತಂದದ್ದು, ದಿನಕ್ಕೊಂದರಂತೆ ಆರು ವಾರದ ನಲವತ್ತೆರಡು ಹಾಳೆ. "ಇದರಲ್ಲಿ ಎಲ್ಲೂ ನಿಮ್ಮ ಹೆಸರಿಲ್ಲ ಮೇಡಂ."

ಮನೆಯಲ್ಲಿ ಒಬ್ಬರು ದೊಡ್ಡ ಕಾಯಿಲೆ ಬಿದ್ದರೆ ಉಳಿದವರ ಆಸರೆ ಎಷ್ಟು ಸಿಗುತ್ತದೆ, ಆ ಹೊರೆ ಯಾರ ಹೆಗಲ ಮೇಲೆ ಬೀಳುತ್ತದೆ ಎಂದು ತಿಳಿಯಲು ಹೊರಟ ಅಧ್ಯಯನ ಅದು. ಹಾಳೆಯಲ್ಲಿ ಮೂರು ಕಾಲಂ: ಯಾರು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಏನು ಮಾಡಿದರು. ನೂರಿಪ್ಪತ್ತು ಮನೆಗಳಿಗೆ ಇವನ್ನು ಹಂಚಿದ್ದರು. ಹೊರೆ ಅತಿ ಹೆಚ್ಚು ಕಂಡ ಮೂವತ್ತು ಮನೆಗಳಿಗೆ ಬರುವ ಸೋಮವಾರದಿಂದ ಒಂದು ವರ್ಷದವರೆಗೆ ಹಗಲು ಹೊತ್ತು ನರ್ಸ್ ಕಳಿಸುವುದಾಗಿ ಆಸ್ಪತ್ರೆ ಹೇಳಿತ್ತು. ಆ ನರ್ಸ್ ಬರುತ್ತಾಳೆ ಎಂಬ ಒಂದೇ ಆಸೆಯಲ್ಲಿ ಆಕೆ ಜೀವ ಹಿಡಿದುಕೊಂಡಿದ್ದಳು. ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದ ನೌಕರಿ. ಇದ್ದ ರಜೆಯೆಲ್ಲ ಕರಗಿ, ಸಂಬಳವಿಲ್ಲದ ರಜೆಯೂ ಕರಗಿ, ಅದೇ ಸೋಮವಾರ ಹಾಜರಾಗದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಪತ್ರ ಬಂದಾಗಿತ್ತು. ಅಲ್ಲಿ ಪ್ರತಿ ವರದಿಯ ಕೆಳಗೂ 'ಪರೀಕ್ಷಿಸಿದವರು' ಎಂಬ ಗೆರೆಯ ಮೇಲೆ ಆಕೆಯ ಸಹಿ ಇರುತ್ತಿತ್ತು.

ಹಾಳೆ ತುಂಬಬೇಕಾದದ್ದು ಆಕೆಯೇ. ಆದರೆ ಮೊದಲ ದಿನವೇ ಗಂಡ ಮಂಚದ ಮೇಲಿಂದ ಕೈ ಚಾಚಿದ್ದ. "ಇಲ್ಲಿ ಕೊಡು. ಬರೆದಿಡೋದು ನನ್ನ ಕಸುಬು." ಆಕೆಗೂ ಹಾಯೆನಿಸಿತ್ತು. ಊರಿಗೆಲ್ಲ ಕೆರೆ ಮೇಷ್ಟ್ರು ಎಂದೇ ಹೆಸರಾದವನು ಅವನು. ಇಪ್ಪತ್ತಾರು ವರ್ಷ ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ಕೂತು, ಯಾವ ಬಾತು ಯಾವ ದಿನ ಬಂದಿಳಿಯಿತು, ಯಾವ ದಿನ ಎದ್ದುಹೋಯಿತು ಎಂದು ಬರೆದವನು. ಹತ್ತು ತಿಂಗಳ ಹಿಂದೆ ಬೆನ್ನುಮೂಳೆಯಲ್ಲಿ ಗಂಟು ಬೆಳೆದು ಸೊಂಟದ ಕೆಳಗೆ ಎಲ್ಲ ಸತ್ತಂತಾಗಿದ್ದರೂ ಬಲಗೈ ಮಾತ್ರ ಮುಂಚಿನ ಹಾಗೇ ಇತ್ತು. ಅಕ್ಷರ ಮುತ್ತಿನಂತೆ. ವಾರಕ್ಕೊಮ್ಮೆ ಲಕೋಟೆಗೆ ಹಾಕಿ ಅಂಟಿಸಿ ಕೊಡುತ್ತಿದ್ದ. ಬಿಚ್ಚಿ ನೋಡಲು ಆಕೆಗೆ ಪುರುಸೊತ್ತಾದರೂ ಎಲ್ಲಿತ್ತು? ಹುಡುಗಿಯೂ ನೋಡದೆ ಹಾಗೇ ಆಸ್ಪತ್ರೆಗೆ ದಾಟಿಸುತ್ತಿದ್ದಳಂತೆ.

ಈಗ ಆಕೆ ನಿಂತುಕೊಂಡೇ ಒಂದೊಂದಾಗಿ ಓದಿದಳು.

'ಅಣ್ಣ. ಸಂಜೆ 5:10ರಿಂದ 5:50. ಪೇಪರ್ ಓದಿದ. ಕಾಫಿ ಕುಡಿದ. ಎರಡು ಸಲ ಕೆಮ್ಮಿದ.' 'ಗ್ಯಾಸ್ ಸಿಲಿಂಡರಿನವನು. 11:15ರಿಂದ 11:18. ಬಾಗಿಲಲ್ಲಿ ನಿಂತು ಹೇಗಿದೀರಿ ಎಂದ.' 'ಹಳೆಯ ವಿದ್ಯಾರ್ಥಿ. 4:00ರಿಂದ 4:35. ಕೆರೆಯ ಸುದ್ದಿ ಹೇಳಿದ.' 'ಪಕ್ಕದ ಮನೆ ಬೆಕ್ಕು. 2:40ರಿಂದ 3:25. ಕಿಟಕಿಯಲ್ಲಿ ಮಲಗಿತ್ತು.'

ಬೆಕ್ಕು ಒಟ್ಟು ಒಂಬತ್ತು ದಿನ ಬಂದಿತ್ತು. ಆಕೆ ಒಂದು ದಿನವೂ ಬಂದಿರಲಿಲ್ಲ.

ಹಾಳೆಗಳನ್ನು ಬಾಚಿಕೊಂಡು ಒಳಕೋಣೆಗೆ ಹೋದಳು. ಹಿಂದೆ ಹುಡುಗಿಯೂ ಬಂದಳು. ಗಾಳಿಹಾಸಿಗೆಯ ಯಂತ್ರ ಗುಂಯ್ ಎನ್ನುತ್ತಿತ್ತು. ಹಿಮ್ಮಡಿ ಒತ್ತದಿರಲೆಂದು ರಬ್ಬರ್ ಕೈಗವಸಿಗೆ ನೀರು ತುಂಬಿ ಇಟ್ಟಿದ್ದಳು. ಅದರ ಮೇಲೆ ಗಂಡನ ಎರಡು ಕಾಲು ಸುಮ್ಮನೆ ಮಲಗಿದ್ದವು.

"ರೀ, ಇದರಲ್ಲಿ ನಾನೆಲ್ಲಿದೀನಿ?"

ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. "ಇದು ಬಂದವರ ಪಟ್ಟಿ ಕಣೇ. ಬಂದ ವೇಳೆ, ಹೋದ ವೇಳೆ. ನೀನು ಬರಲ್ವಲ್ಲ, ಇದ್ದೇ ಇರ್ತೀಯ."

"ಅಂದ್ರೆ?"

"ಕೆರೇಲಿ ನಾಮದ ಕೋಳಿ ಅಂತ ನೀರುಹಕ್ಕಿ ಇದಾವೆ. ಜೊಂಡಿನಲ್ಲಿ ವರ್ಷವಿಡೀ ಅಲ್ಲೇ ಓಡಾಡ್ಕೊಂಡಿರ್ತವೆ. ಅವನ್ನ ನಾನು ಬರೆಯಲ್ಲ. ವಲಸೆ ಪಟ್ಟೀಲಿ ಅವನ್ನೂ ಬರೀತಾ ಕೂತ್ರೆ ನಿಜವಾಗಿ ಬಂದವು ಯಾವು ಅಂತ ಗೊತ್ತಾಗೋದು ಹೇಗೆ?" ಅವನ ದನಿಯಲ್ಲಿ ಕೆಟ್ಟತನ ಒಂದಿಷ್ಟೂ ಇರಲಿಲ್ಲ. ತರಗತಿಯಲ್ಲಿ ದಡ್ಡ ಹುಡುಗರಿಗೆ ತಿಳಿಹೇಳುವ ದನಿ. ಅದೇ ಆಕೆಗೆ ಮೈ ಉರಿಸಿತು.

ಹುಡುಗಿ ಸಂಕೋಚದಿಂದ ಹೇಳಿದಳು. ಹಾಳೆಯಲ್ಲಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿಯಾಗಿದೆ. ಮುಖ್ಯ ಆರೈಕೆ ರೋಗಿಯ ಅಣ್ಣನದು, ವಾರಕ್ಕೆ ಎರಡು ಗಂಟೆ. ಒಟ್ಟು ಹೊರೆ ಬಹಳ ಕಡಿಮೆ. ನೂರಿಪ್ಪತ್ತು ಮನೆಗಳಲ್ಲಿ ಈ ಮನೆ ನೂರಾಹದಿನೆಂಟನೆಯದು. "ಪಟ್ಟಿ ಇವತ್ತು ಐದು ಗಂಟೆಗೆ ಅಂತಿಮ ಆಗುತ್ತೆ. ಆದ್ರೆ ತಿದ್ದುಪಡಿ ಫಾರಂ ತಂದಿದೀನಿ. ನೀವು ದಿನಾ ಏನೇನು ಮಾಡ್ತಿದ್ರಿ ಅಂತ ಹೊತ್ತು ಸಮೇತ ತುಂಬಿ, ಮೊದಲಿನದು ತಪ್ಪಾಗಿತ್ತು, ಇದು ಸರಿ ಅಂತ ಸರ್ ಒಂದು ಸಹಿ ಹಾಕಿದ್ರೆ ಸಾಕು. ನಾನೇ ಓಡಿಹೋಗಿ ಕೊಡ್ತೀನಿ."

ಹೋದ ಜೀವ ಬಂದಂತಾಯಿತು. ಆಕೆ ಪೆನ್ನನ್ನು ಅವನ ಕೈಗಿಟ್ಟಳು.

ಅವನು ಫಾರಂ ಪೂರ್ತಿ ಓದಿದ. ಕೆಳಗಿನ ಸಣ್ಣ ಅಕ್ಷರವನ್ನೂ ಓದಿದ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದ.

"ಹೋದ ತಿಂಗಳು ಹದಿನಾಲ್ಕನೇ ತಾರೀಕು ನೀನು ನನ್ನನ್ನ ಎಷ್ಟು ಗಂಟೆಗೆ ಮಗ್ಗುಲು ಬದಲಾಯಿಸ್ದೆ, ಹೇಳು ನೋಡೋಣ."

"ಎರಡು ಗಂಟೆಗೊಂದ್ಸಲ ರೀ. ಹಗಲೂ ರಾತ್ರೀನೂ."

"ಅಂದಾಜು ಹೇಳ್ಬೇಡ. ಹೊತ್ತು ಹೇಳು. ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಂಡಾಗ ಬರೀದೇ ಇದ್ದದ್ದನ್ನ ಆಮೇಲೆ ನೆನಪಿಂದ ತುಂಬಿ, ಇದೇ ಸರಿ ಅಂತ ನಾನು ಹೇಗಮ್ಮ ಸಹಿ ಹಾಕ್ಲಿ?"

ಇದು ಬರಿಯ ಹಟವಲ್ಲ ಎಂದು ಆಕೆಗೆ ಗೊತ್ತಿತ್ತು. ಒಮ್ಮೆ ಚಳಿಗೆ ಏಳಲಾರದೆ ಮನೆಯಲ್ಲೇ ಮಲಗಿದ್ದ ಶಿಷ್ಯನೊಬ್ಬ ಹಿಂದಿನ ವಾರದ ಹಕ್ಕಿ ಲೆಕ್ಕವನ್ನೇ ಹೆಚ್ಚು ಕಡಿಮೆ ಮಾಡಿ ಬರೆದಿದ್ದಕ್ಕೆ, ಅವನ ಮೂರು ವರ್ಷದ ಕೆಲಸವನ್ನೇ ಪಕ್ಕಕ್ಕೆಸೆದು ಕಳಿಸಿಬಿಟ್ಟಿದ್ದ ಈ ಮನುಷ್ಯ. ಆಗ ಆಕೆಗೆ ಗಂಡನ ಬಗ್ಗೆ ಹೆಮ್ಮೆಯಾಗಿತ್ತು. ಹತ್ತು ಜನರ ಮುಂದೆ ಹೇಳಿಕೊಂಡು ತಿರುಗಿದ್ದಳು.

"ನಿಮ್ಮ ಬೆನ್ನು ನೋಡ್ಲಿ ಇವರು," ಎಂದಳು ಆಕೆ. "ಹತ್ತು ತಿಂಗಳು ಮಲಗಿದೋರ ಬೆನ್ನಲ್ಲಿ ಒಂದು ಹುಣ್ಣಿಲ್ಲ. ಒಂದು ಕೆಂಪು ಮಚ್ಚೆ ಇಲ್ಲ. ಅದು ತಾನಾಗೇ ಆಯ್ತಾ?"

ಹುಡುಗಿ ತಲೆ ತಗ್ಗಿಸಿದಳು. "ಹುಣ್ಣಾಗಿಲ್ಲ ಅಂತ ಬರೆಯೋಕೆ ನಮ್ಮ ಫಾರಂನಲ್ಲಿ ಜಾಗ ಇಲ್ಲ ಮೇಡಂ."

"ನಾಳೆಯಿಂದ ಬರೀತೀನಿ ಬಿಡು," ಎಂದ ಅವನು, ದೊಡ್ಡ ಮನಸ್ಸು ಮಾಡಿದವನಂತೆ. "ಪ್ರತಿಯೊಂದನ್ನೂ ಬರೀತೀನಿ."

"ನಾಳೆದು ಯಾರಿಗೆ ಬೇಕು? ಸೋಮವಾರ ನಾನು ಹೋಗ್ಬೇಕು. ಹೋಗ್ದಿದ್ರೆ ಕೆಲಸ ಹೋಯ್ತು. ಅರ್ಥ ಆಗ್ತಿದ್ಯಾ ನಿಮಗೆ?"

"ಆಗ್ತಿದೆ. ಆದ್ರೆ ಸುಳ್ಳಿಗೆ ಸಹಿ ಹಾಕು ಅಂತಿದೀಯಲ್ಲ."

"ನಾನು ಮಾಡಿದ್ದು ಸುಳ್ಳಾ?"

ಅವನು ಗೋಡೆ ಕಡೆ ಮುಖ ತಿರುಗಿಸಿದ. ತಿರುಗಿಸಲು ಬರುತ್ತಿದ್ದದ್ದು ಅವನಿಗೆ ಅದೊಂದೇ.

ಹುಡುಗಿ ಫಾರಂ ಬಿಟ್ಟು ಹೋದಳು. ನಾಲ್ಕೂವರೆಯೊಳಗೆ ತಂದುಕೊಟ್ಟರೂ ನಡೆಯುತ್ತದೆ ಎಂದಳು. ಆಕೆ ಅಡುಗೆಮನೆಯಲ್ಲಿ ಒಬ್ಬಳೇ ಆ ಫಾರಮ್ಮಿನ ಎದುರು ಕೂತಳು. ಗಂಡನ ಸಹಿ ಆಕೆಗೆ ಕಣ್ಣು ಕಟ್ಟಿದರೂ ಹಾಕಲು ಬರುತ್ತಿತ್ತು. ಹತ್ತು ತಿಂಗಳಿಂದ ಅವನ ಕೊರಿಯರನ್ನೆಲ್ಲ ಹಾಗೇ ಸಹಿ ಹಾಕಿ ತೆಗೆದುಕೊಂಡಿದ್ದಳು. ಪೆನ್ನು ಹಾಳೆಗೆ ತಾಗಿಸಿದಳು ಕೂಡ. ಮಾಡದ ಪರೀಕ್ಷೆಗೆ ಫಲಿತಾಂಶ ಬರೆಯುವವರನ್ನು ಕಂಡರೆ ಪ್ರಯೋಗಾಲಯದಲ್ಲಿ ಆಕೆ ಉಗಿಯುತ್ತಿದ್ದಳು. ಇದು ಹಾಗಲ್ಲ, ಇದು ಮಾಡಿದ ಕೆಲಸ ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಕೈ ಜಪ್ಪಯ್ಯ ಎಂದರೂ ಮುಂದೆ ಓಡಲಿಲ್ಲ. ಹಾಳಾದ ಪ್ರಾಮಾಣಿಕತೆ. ಒಂದು ಮನೆಗೆ ಒಬ್ಬರು ಸಾಕಿತ್ತು.

ಐದು ಗಂಟೆಗೆ ಎದ್ದು ಅವನ ಮಗ್ಗುಲು ಬದಲಾಯಿಸಿದಳು.

ಐದೂಕಾಲಿಗೆ ಗಂಡನ ಅಣ್ಣ ಬಂದರು. ಎಂದಿನಂತೆ ಪೇಪರ್ ಎತ್ತಿಕೊಳ್ಳಲಿಲ್ಲ. ಮುಖ ಅರಳಿ ಊರಗಲವಾಗಿತ್ತು. "ನೋಡಮ್ಮ, ಆಸ್ಪತ್ರೆಯಿಂದ ಫೋನ್ ಬಂದಿತ್ತು. ಕುಟುಂಬದ ಆಸರೆ ಅಂತ ಏನೋ ಸಭೆ ಮಾಡ್ತಾರಂತೆ, ನಾನು ಬಂದು ನಾಲ್ಕು ಮಾತಾಡ್ಬೇಕಂತೆ. ಮನೇಲಿ ಹೇಗೆ ನೋಡ್ಕೊಂಡ್ರಿ ಅಂತ. ನಾನೇನು ಮಹಾ ಮಾಡಿದೀನಿ, ಒಡಹುಟ್ಟಿದವನು, ಬಿಡೋಕಾಗುತ್ತಾ?"

"ಆಗಲ್ಲ ಭಾವ," ಎಂದಳು ಆಕೆ. "ಏನು ಮಾತಾಡ್ತೀರಿ?"

"ಅದೇ ಕೇಳೋಣ ಅಂತ ಬಂದೆ. ಇವನಿಗೆ ಔಷಧಿ ಯಾವ್ಯಾವ ಹೊತ್ತಿಗೆ, ಸ್ವಲ್ಪ ಬರೆದುಕೊಡ್ತೀಯಾ?"

ಆಕೆಗೆ ನಗು ಬಂತು. ನಕ್ಕಳು. ನಗು ನಿಲ್ಲದಾಗ ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಆಮೇಲೆ ಔಷಧಿ, ಹೊತ್ತು, ಎಷ್ಟು ಮಾತ್ರೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಅಷ್ಟೂ ಬಾಯಿಪಾಠವಾಗಿತ್ತು.

ಶನಿವಾರ ಪ್ರಯೋಗಾಲಯಕ್ಕೆ ರಾಜೀನಾಮೆ ಕಳಿಸಿದಳು. ಎರಡೇ ಸಾಲು. ಗಂಡನಿಗೆ ಹೇಳಿದಾಗ ಅವನು, ಹಕ್ಕಿ ಲೆಕ್ಕ ಬರೆಯಲೆಂದು ಕಪಾಟಿನಲ್ಲಿಟ್ಟಿರುವ ಹೊಸ ಫೀಲ್ಡ್ ಪುಸ್ತಕ ಕೊಡು ಎಂದ. ಕೊಟ್ಟಳು.

ಸೋಮವಾರ ಬೆಳಿಗ್ಗೆ ಹಬೆಯಾಡುವ ನೀರಿನ ಬೇಸಿನ್ನು, ಟವೆಲು ಹಿಡಿದು ಕೋಣೆಗೆ ಬಂದಾಗ ಅವನು ಎದೆಯ ಮೇಲೆ ಆ ಪುಸ್ತಕವನ್ನಿಟ್ಟುಕೊಂಡು ಕಾಯುತ್ತಿದ್ದ. ಎಷ್ಟೋ ತಿಂಗಳಿಂದ ಕಾಣದ ಹೊಳಪು ಕಣ್ಣಲ್ಲಿತ್ತು. ಕೆರೆಗೆ ಅಪರೂಪದ ಹಕ್ಕಿ ಬಂದಿಳಿದ ದಿನ ಹೀಗೇ ಇರುತ್ತಿದ್ದ.

"ಕೇಳಿಲ್ಲಿ. ನಿನ್ನೆ ಒಂದು ದಿನಕ್ಕೆ ಅರವತ್ಮೂರು ಸಲ! ಈ ಕೋಣೆಗೆ ನೀನು ಬಂದಿದ್ದು. ಕೂತಿದ್ದು ಎಷ್ಟು ಗೊತ್ತಾ? ಹನ್ನೊಂದು ನಿಮಿಷ. ನನಗೆ ಗೊತ್ತೇ ಇರ್ಲಿಲ್ಲ ಕಣೇ. ಇದನ್ನ ಒಂದು ವರ್ಷ ಬಿಡದೆ ಬರೆದ್ರೆ ಏನು ಚೆನ್ನಾಗಿರುತ್ತೆ! ಇಂಥದ್ದು ಯಾರ ಹತ್ರಾನೂ ಇರಲ್ಲ."

ಆಕೆ ಮಂಚದ ಕಾಲ ಬುಡದಲ್ಲಿ ಬೇಸಿನ್ನು ಹಿಡಿದುಕೊಂಡೇ ನಿಂತಿದ್ದಳು. ಕೆಳಗೆ ಬೀದಿಯಲ್ಲಿ ಏಳೂಮುಕ್ಕಾಲರ ಬಸ್ಸು ಬಂದು ನಿಂತಿತು. ಹತ್ತೊಂಬತ್ತು ವರ್ಷ ಹತ್ತಿದ ಬಸ್ಸು. ಬಾಗಿಲು ಮುಚ್ಚಿದ ಸದ್ದು ಇಲ್ಲಿಗೂ ಕೇಳಿಸಿತು.

"ಏ," ಎಂದ ಅವನು ಪೆನ್ನಿನ ಮುಚ್ಚಳ ತೆಗೆಯುತ್ತ. "ಸ್ವಲ್ಪ ಪಕ್ಕಕ್ಕೆ ನಿಂತ್ಕೋ. ಗಡಿಯಾರ ಕಾಣಿಸ್ತಿಲ್ಲ."

ಆಕೆ ಪಕ್ಕಕ್ಕೆ ಸರಿದಳು.