ಕೇಳುವ ಮುಖ

ಅವನಿಗೆ ದೇವರಲ್ಲಿ ನಂಬಿಕೆಯೂ ಇರಲಿಲ್ಲ, ಮನುಷ್ಯರ ಮಾತು ಕೇಳುವ ತಾಳ್ಮೆಯೂ ಇರಲಿಲ್ಲ. ಆದರೂ ಆರು ವರ್ಷದಿಂದ ಟೀವಿ ಧಾರಾವಾಹಿಯಲ್ಲಿ ಪಾದ್ರಿಯಾಗಿ ಕೊಲೆಗಾರರನ್ನು ಹಿಡಿಯುತ್ತಿದ್ದ. ಓಡಿ ಹಿಡಿಯುವುದಲ್ಲ, ಎದುರಿಗೆ ಕೂತು ಕೇಳಿ ಹಿಡಿಯುವುದು. ತಲೆ ತುಸು ಎಡಕ್ಕೆ, ರೆಪ್ಪೆ ಅರೆ ಕೆಳಗೆ, ತುಟಿ ಬಿಗಿ. ಆ ಮುಖಕ್ಕೆ ಸೋತು ಎಂಥ ಪಾತಕಿಯೂ ಕಂತು ಮುಗಿಯುವುದರೊಳಗೆ ಬಾಯಿ ಬಿಡುತ್ತಿದ್ದ.

ಈ ಬೆಳಿಗ್ಗೆ ಅದೇ ಮುಖವನ್ನು ಹೆಂಡತಿಗೆ ತೋರಿಸಿಬಿಟ್ಟಿದ್ದ.

ಬೇಕೆಂದು ಮಾಡಿದ್ದಲ್ಲ. ಕಾಫಿ ಕುಡಿಯುತ್ತ ಆ ದಿನದ ಸಂಭಾಷಣೆಯನ್ನು ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದ. ಅವಳು ಎದುರು ಬಂದು ಕೂತು ಏನೋ ಹೇಳತೊಡಗಿದಳು. ತಲೆ ತಾನಾಗಿಯೇ ಎಡಕ್ಕೆ ವಾಲಿತು. ಅವಳು ಬಹಳ ಹೊತ್ತು ಮಾತಾಡಿದಳು, ಅಷ್ಟು ಮಾತಿನವಳಲ್ಲ. ಕೊನೆಯದು ಮಾತ್ರ ಅವನ ಕಿವಿಗೆ ಪೂರ್ತಿಯಾಗಿ ಬಿತ್ತು.

“ಸಂಜೆ ಬಂದು ಹೇಳಿ. ಹೂಂ ಅನ್ನಿ, ಇಲ್ಲಾ ಬೇಡ ಅನ್ನಿ. ಅಷ್ಟು ಸಾಕು.”

ಯಾವುದಕ್ಕೆ ಎಂದು ಕೇಳಬಹುದಿತ್ತು. ಕೇಳಿದರೆ ಅಷ್ಟು ಹೊತ್ತೂ ಕೇಳಿರಲಿಲ್ಲವೆಂದು ಒಪ್ಪಿಕೊಂಡಂತೆ. ಹಿಂದೊಮ್ಮೆ ಹಾಗೆ ಒಪ್ಪಿಕೊಂಡಾಗ ಅವಳು, “ನಿಮ್ಮ ಕಿವಿಯನ್ನೂ ಬಾಡಿಗೆಗೆ ಕೊಟ್ಟಾಯ್ತಾ?” ಅಂದಿದ್ದಳು. ಆಮೇಲೆ ಅವಳ ಮಾತೇ ಕಡಿಮೆಯಾಗಿತ್ತು. ಅವನು ಚಪ್ಪಲಿ ಮೆಟ್ಟಿ ಹೊರಟುಬಂದ.

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಫಾದರ್ ಎಂದೇ ಕರೆಯುತ್ತಿದ್ದರು.

“ಏನು ಫಾದರ್, ಇವತ್ತು ನಿಮ್ಮ ಮುಖದಲ್ಲೇ ಕಳ್ಳನ ಕಳೆ ಇದೆ,” ಎಂದಳು ಮೇಕಪ್ಪಿನ ಹೆಂಗಸು, ಕೆನ್ನೆಗೆ ಪೌಡರು ತಟ್ಟುತ್ತ.

“ಮನೇಲಿ ಏನೋ ಕೇಳಿದ್ರು, ನಿಮಗೆ ಕೇಳಿಸ್ಲಿಲ್ಲ ಅಂದ್ಕೊಳ್ಳಿ. ಏನ್ ಮಾಡ್ತೀರಿ?” ಎಂದು ಅವನು ಕೇಳಿದ.

“ಹೂಂ ಅಂತೀನಿ. ಬೇಡ ಅಂದ್ರೆ ಯಾಕೆ ಬೇಡ ಅಂತ ರಾಮಾಯಣ ಶುರುವಾಗತ್ತೆ. ಹೂಂ ಅಂದೋರನ್ನ ಯಾಕೆ ಅಂತ ಯಾರೂ ಕೇಳಲ್ಲ. ತುಟಿ ಅಲ್ಲಾಡಿಸ್ಬೇಡಿ.”

ಅಂದಿನದು ತಪ್ಪೊಪ್ಪಿಗೆಯ ದೃಶ್ಯ. ಕೊಲೆಗಾರನ ಪಾಲಿನ ಚಿತ್ರೀಕರಣ ಹಿಂದಿನ ದಿನವೇ ಮುಗಿದು ಆ ನಟ ಮನೆಗೆ ಹೋಗಿದ್ದ. ಈಗ ಬೇಕಾದದ್ದು ಕೇಳುವವನ ಕ್ಲೋಸಪ್ ಮಾತ್ರ. ಎದುರಿಗೆ ಆ ನಟನ ಬದಲು ಒಂದು ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಕಣ್ಣಿನ ಎತ್ತರಕ್ಕೆ ಅಂಟಿಸಿದ ಬಿಳಿ ಟೇಪು. ಯಾವಾಗಲೂ ಹೀಗೆಯೇ. ಅವನಿಗೆ ಇದೇ ಹಿತ. ಸ್ಟ್ಯಾಂಡಿಗೆ ಕಣ್ಣೀರು ಬರುವುದಿಲ್ಲ.

“ಈಗ ಅವನು ತಂಗೀನ ಕೊಂದಿದ್ದು ಹೇಳ್ತಿದ್ದಾನೆ,” ಎಂದ ನಿರ್ದೇಶಕ. “ಕೇಳಿಸ್ಕೊಳ್ಳಿ ಫಾದರ್.”

ಅವನು ಟೇಪನ್ನು ನೋಡುತ್ತ ಬೆಳಗಿನ ಮಾತನ್ನು ಕೆದಕಿದ. ಮೂರು ಚೂರು ಸಿಕ್ಕವು. ಅಮ್ಮ. ಒಬ್ಬಳೇ. ಖಾಲಿ ಕೋಣೆ. ಪಾದ್ರಿಯಾಗಿದ್ದರೆ ಏನು ಮಾಡುತ್ತಿದ್ದ? ಜೋಡಿಸುತ್ತಿದ್ದ. ಅತ್ತೆ ಊರಿನಲ್ಲಿ ಒಬ್ಬಳೇ ಇದ್ದಾಳೆ. ಇಲ್ಲಿ ಮನೆಯಲ್ಲಿ ಮುಂದಿನ ಕೋಣೆ ಖಾಲಿ. ಅಮ್ಮನನ್ನು ಕರೆಸಿಕೊಳ್ಳಲೇ ಎಂದು ಕೇಳಿದ್ದಾಳೆ! ಇಷ್ಟೇ!

“ಕಟ್! ಅದ್ಭುತ!” ನಿರ್ದೇಶಕ ಕೂಗಿದ. “ಸತ್ಯ ಹೊಳೆದದ್ದು ಕಣ್ಣಲ್ಲೇ ಕಾಣಿಸ್ತು.”

ದಾರಿಯುದ್ದಕ್ಕೂ ಅವನಿಗೆ ತನ್ನ ಬಗ್ಗೆ ಸಣ್ಣ ಹೆಮ್ಮೆ.

ಅವಳು ಬ್ಯಾಂಕಿನಿಂದ ಬೇಗ ಬಂದು ಊಟದ ಮೇಜಿನ ಬಳಿ ಕೂತಿದ್ದಳು. ದೀಪ ಹಾಕಿರಲಿಲ್ಲ.

“ಹೂಂ,” ಅಂದ.

“ಯೋಚ್ನೆ ಮಾಡಿ ಹೇಳ್ತಿದೀರಾ?”

“ದಿನವೆಲ್ಲ ಅದೇ ಯೋಚ್ನೆ. ಎಲ್ಲರಿಗೂ ಅದೇ ಒಳ್ಳೇದು.”

ಮೊದಲಿನದು ಸತ್ಯವೇ ಆಗಿತ್ತು. ಅವಳು ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಎದ್ದು ಒಳಗೆ ಹೋದಳು. ಕಪಾಟು ತೆರೆದ ಸದ್ದಾಯಿತು.

“ಯಾವಾಗ ಬರ್ತಾರೆ?” ಅವನು ಕೂತಲ್ಲಿಂದಲೇ ಕೂಗಿದ.

“ಯಾರು?”

“ಅತ್ತೆ. ಮುಂದಿನ ಕೋಣೆ ಸಾಕಾಗತ್ತಲ್ಲ ಅವರಿಗೆ?”

ಸದ್ದು ನಿಂತಿತು. ಅವಳು ಬಾಗಿಲಿಗೆ ಬಂದಳು. ಕೈಯಲ್ಲಿ ಮಡಿಸಿದ ಬಟ್ಟೆಯಿತ್ತು. ಸಿಟ್ಟೇ ಇಲ್ಲದ ದನಿಯಲ್ಲಿ, ಮಗುವಿಗೆ ಹೇಳಿದಂತೆ, ಹೇಳಿದಳು:

“ಅಮ್ಮ ಬರಲ್ಲ ರೀ. ಅಮ್ಮನ ಮನೇಲಿ ಒಂದು ಕೋಣೆ ಖಾಲಿ ಇದೆ. ನಾನೊಬ್ಬಳೇ ಹೋಗಿ ಅಲ್ಲೇ ಇದ್ದುಬಿಡ್ಲಾ ಅಂತ ಕೇಳಿದ್ದೆ. ನೀವು ಬೇಡ ಅಂದ್ರೆ ಇಲ್ಲೇ ಇರ್ತೀನಿ ಅಂದಿದ್ದೆ.”

ಬೇಡ. ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಅವಳಿನ್ನೂ ಅಲ್ಲೇ ನಿಂತಿದ್ದಳು. ಕಾಯುತ್ತಿದ್ದಳು, ಅದು ಅವನಿಗೂ ತಿಳಿಯುತ್ತಿತ್ತು. ಈಗ ಅಂದರೂ ಆಗುತ್ತಿತ್ತು. ಅನ್ನಲು ಒಂದು ಮುಖ ಬೇಕಲ್ಲ. ಹುಡುಕಿದ. ತಲೆ ತುಸು ಎಡಕ್ಕೆ ವಾಲಿತು, ರೆಪ್ಪೆ ಅರೆ ಇಳಿಯಿತು.

“ಆ ಮುಖ ಮಾತ್ರ ಬೇಡ,” ಎಂದಳು. “ಅದನ್ನ ಟೀವಿ ನೋಡೋರಿಗೆ ಇಟ್ಕೊಳ್ಳಿ.”

ಲಿಫ್ಟು ಅವಳನ್ನು ಕೆಳಗಿಳಿಸಿಕೊಂಡು ಹೋಯಿತು. ಅವನು ಹೊಸಿಲಲ್ಲೇ ನಿಂತಿದ್ದ. ಎದುರುಮನೆಯ ಮುದುಕಿ ಬಾಗಿಲು ಓರೆ ಮಾಡಿ ಇಣುಕಿದಳು.

“ಫಾದರ್, ಈ ವಾರ ಕೊಂದೋರು ಯಾರು? ನನ್ನ ಕಿವೀಲಿ ಮಾತ್ರ ಹೇಳಿ.”

“ಗೊತ್ತಿಲ್ಲ.”

“ಅಯ್ಯೋ, ನಿಮಗೇ ಗೊತ್ತಿಲ್ದಿದ್ರೆ ಇನ್ಯಾರಿಗಪ್ಪಾ ಗೊತ್ತು!” ನಗುತ್ತ ಚಿಲಕ ಹಾಕಿಕೊಂಡಳು.

ಅವನು ಒಳಗೆ ಬಂದ. ಯಾವುದನ್ನೂ ಮುಟ್ಟದೆ, ಕೈ ಬೆನ್ನಿಗೆ ಕಟ್ಟಿಕೊಂಡು, ಕೋಣೆಯಿಂದ ಕೋಣೆಗೆ ನಿಧಾನವಾಗಿ ನಡೆದ. ಎಲ್ಲೂ ರಕ್ತವಿರಲಿಲ್ಲ. ಒಂದು ಲೋಟವೂ ಉರುಳಿರಲಿಲ್ಲ. ಕಿಟಕಿಗಳು ಒಳಗಿನಿಂದ ಭದ್ರವಾಗಿದ್ದವು. ಕಳೆದದ್ದು ಸೂಟ್‌ಕೇಸು ಒಂದು, ಕೊಡೆ ಒಂದು, ಹೆಂಡತಿ ಒಬ್ಬಳು.